ಸುಟ್ಟುಹೋಗಿದ್ದ ಬಲೆ

ಬಂದವನು ಅಳಿವೆಯ ಆಚೆ ದಡದವನು. ಹೆಗಲ ಮೇಲಿದ್ದ ಬಲೆಯನ್ನು ಬಲೆಯಕ್ಕನ ಜಗಲಿಯ ಮೇಲೆ ಧೊಪ್ಪನೆ ಇಳಿಸಿ, "ಬಂಡೆಗೆ ಸಿಕ್ಕಿ ಹರೀತು ಅಕ್ಕಾ. ನಾಡಿದ್ದು ಬರ್ತೀನಿ, ಅಷ್ಟರಲ್ಲಿ ಹೆಣೆದಿಟ್ಟುಬಿಡಿ" ಎಂದ. ಅವಳು ಸೂಜಿ ಹುಡುಕುತ್ತಲೇ ಬಲೆಯ ಒಂದು ತುದಿ ಎಳೆದು ಮಡಿಲಿಗೆ ಹಾಕಿಕೊಂಡಳು. ಕೈ ಎರಡು ಮಾರು ಸರಿದು ಅಲ್ಲೇ ನಿಂತಿತು.

ಇಟ್ಟಿಗೆ ಬಣ್ಣದ ದಾರದ ಹೆಣಿಗೆ. ಒಂದಲ್ಲ, ನಾಲ್ಕಾರು ಕಡೆ.

ಆ ಓಣಿಯಲ್ಲಿ ಯಾರ ಬಲೆ ಹರಿದರೂ ಅವಳ ಕೈಗೇ ಬರಬೇಕು, ಅದಕ್ಕೇ ಅವಳು ಎಲ್ಲರಿಗೂ ಬಲೆಯಕ್ಕ. ದಡದಲ್ಲಿ ಒಣಗಲು ಹಾಕಿದ ಬಲೆಗಳು ಅದಲುಬದಲಾಗಿ ಬೆಳಗೆದ್ದರೆ ಜಗಳ ಬೇಡವೆಂದು ಅವಳು ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ ಇಟ್ಟುಕೊಂಡಿದ್ದಳು. ಇಟ್ಟಿಗೆ ಬಣ್ಣ ಪಕ್ಕದ ಮನೆಯ ಚಿಕ್ಕಮ್ಮನದು. ಚಿಕ್ಕಮ್ಮನ ಬಲೆ ಹೋದ ವರ್ಷ ಸುಟ್ಟು ಬೂದಿಯಾಗಿತ್ತು. ಬಲೆಯಕ್ಕ ಅದನ್ನು ಯಾರ ಬಾಯಲ್ಲೋ ಕೇಳಿದವಳಲ್ಲ. ಕಡ್ಡಿ ಗೀರಿದವಳೇ ಅವಳು.

"ಇದು ಎಲ್ಲಿ ಸಿಕ್ತು ನಿಂಗೆ?" ಎಂದಳು.

"ನಿಮ್ಮ ಸಂಘದಿಂದ್ಲೇ ಅಕ್ಕಾ. ನಿಮ್ಮ ಅಣ್ಣಾವ್ರೇ ಕೊಡಿಸಿದ್ರು. ನಮ್ಮ ಕಡೆ ಎಲ್ಲರೂ ತಗೊಂಡ್ವಲ್ಲ. ನಾನಂತೂ ನಿಮ್ಮ ಕೈಕೆಲಸ ನೋಡಿಯೇ ಇದನ್ನ ಆರಿಸ್ಕೊಂಡೆ" ಎಂದು ಅವನು ಹೊಗಳುವ ಉಮೇದಿನಲ್ಲಿ ಹಲ್ಲು ಬಿಟ್ಟ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ದುಡ್ಡು ಕೊಟ್ಟಿದ್ದ, ಬಲೆ ತಂದಿದ್ದ. ಅವನ ಮೇಲೆ ಹರಿಹಾಯ್ದು ಏನು ಬಂತು? "ಆಯ್ತು, ಇಟ್ಟು ಹೋಗು" ಎಂದು ಕಳಿಸಿದಳು. ಅವನು ಓಣಿಯ ತಿರುವು ದಾಟುವ ತನಕ ಹಲ್ಲು ಕಚ್ಚಿ ಹಿಡಿದಳು. ಆಮೇಲೆ ಅವಳ ಮೈಯೆಲ್ಲ ಉರಿಯತೊಡಗಿತು.

ಹೋದ ವರ್ಷದ ಕತೆ ಹೀಗೆ. ಸಣ್ಣ ಕಣ್ಣಿನ ಬಲೆಯಿಂದಾಗಿ ಅಳಿವೆಯ ಮೀನುಮರಿಗಳೆಲ್ಲ ಬಲಿಯುವ ಮೊದಲೇ ಬುಟ್ಟಿಗೆ ಬೀಳುತ್ತಿದ್ದವು, ಸಮುದ್ರ ಬರಿದಾಗುತ್ತಿತ್ತು. ಇದು ಓಣಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಹೊಟ್ಟೆಪಾಡು ಎಂದು ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು. ಆಗ ಸರ್ಕಾರದ ಸಹಾಯಧನ ಬಂತು. ಸಣ್ಣ ಕಣ್ಣಿನ ಬಲೆ ಸುಡಲು ಒಪ್ಪಿಸಿದವರಿಗೆ ದೊಡ್ಡ ಕಣ್ಣಿನ ಹೊಸ ಬಲೆ. ಮರಿ ಬಿಟ್ಟು ಹಿಡಿದ ಮೀನಿಗೆ ಓಣಿಯ ಮೀನುಗಾರರ ಸಂಘದ್ದೇ ಹೆಸರು, ಸಂಘದ್ದೇ ಪ್ಯಾಕೆಟ್, ದೊಡ್ಡ ಊರಿನ ದೊಡ್ಡ ಅಂಗಡಿಗಳಲ್ಲಿ ಮಾರಾಟ. ಮೀನು ಕೆಡದಂತೆ ಇಡಲು ಐಸ್ ರೂಮು. ಎಲ್ಲಕ್ಕೂ ಮುಂದೆ ನಿಂತವನು ಸಂಘದ ಅಧ್ಯಕ್ಷ, ಬಲೆಯಕ್ಕನ ಒಡಹುಟ್ಟಿದ ಅಣ್ಣ.

ಗಂಡಸರು ತಲೆಯಾಡಿಸಿದರು, ಹೆಂಗಸರು ಜಪ್ಪಯ್ಯ ಅನ್ನಲಿಲ್ಲ. ಇದ್ದ ಬಲೆ ಕೈಬಿಟ್ಟು ಬರದ ಬಲೆಗೆ ಬಾಯಿ ಬಿಟ್ಟುಕೊಂಡು ಕೂರುವುದೇ? ಅಣ್ಣ ತಂಗಿಯ ಮನೆಗೆ ಬಂದು, "ನೀನು ಹೇಳಿದ್ರೆ ಕೇಳ್ತಾರೆ" ಎಂದು ಬೆಣ್ಣೆ ಹಚ್ಚಿದ. ಅವಳು ನಂಬಿದಳು. ಮನೆಮನೆಗೆ ಹೋಗಿ ಗಂಟಲು ಹರಿದುಕೊಂಡಳು. ಎಲ್ಲರಿಗಿಂತ ಕಡೆಗೆ ಒಪ್ಪಿದವಳು ಚಿಕ್ಕಮ್ಮ. ಗಂಡ ಸತ್ತ ಮೇಲೆ ಚಿಕ್ಕಮ್ಮನಿಗೆ ಉಳಿದಿದ್ದದ್ದೇ ಆ ಬಲೆ. ಅದನ್ನು ಯಾರದಾದರೂ ದೋಣಿಗೆ ಕೊಟ್ಟು, ಬಂದ ಮೀನಿನಲ್ಲಿ ಪಾಲು ತಗೊಂಡು ಒಲೆ ಉರಿಸುತ್ತಿದ್ದಳು. "ನಿನ್ನ ಮುಖ ನೋಡಿ ಕೊಡ್ತಿದ್ದೀನಿ ಕಣೇ" ಎಂದಿದ್ದಳು. "ಮೋಸ ಆದ್ರೆ ನನ್ನ ಜುಟ್ಟು ಹಿಡಿದು ಕೇಳು ಚಿಕ್ಕಮ್ಮ" ಎಂದು ಬಲೆಯಕ್ಕ ಮಾತು ಕೊಟ್ಟಿದ್ದಳು. ಹೊಸ ಬಲೆ ದೋಣಿ ಇದ್ದವರಿಗೆ ಮಾತ್ರವೆಂದು ಆಮೇಲೆ ತಿಳಿಯಿತು. ಸಹಾಯಧನದ ಮುಂದಿನ ಕಂತಿನಲ್ಲಿ ಚಿಕ್ಕಮ್ಮನಿಗೂ ಏನಾದರೂ ಮಾಡೋಣ ಎಂದು ಅಣ್ಣ ಹೇಳುತ್ತಲೇ ಇದ್ದ.

ಬಲೆ ಸುಡುವ ದಿನ ಸಂಘದ ಅಂಗಳದಲ್ಲಿ ಆಳೆತ್ತರದ ರಾಶಿ. ಅಧಿಕಾರಿಗಳು, ಕ್ಯಾಮೆರಾದವನು, ಮೈಕು. ಕಡ್ಡಿ ಗೀರುವ ಹೊತ್ತಿಗೆ ಬಲೆಯಕ್ಕನ ಕಣ್ಣಲ್ಲಿ ನೀರು ಬಂತು. ಅಷ್ಟೂ ಅವಳ ಕೈಯಲ್ಲಿ ಗಂಟು ಬಿದ್ದ ಬಲೆಗಳು, ಅಳು ಬರದೆ ಇನ್ನೇನು ಬರುತ್ತದೆ? ಕ್ಯಾಮೆರಾದವನು ಅದಕ್ಕೇ ಕಾದಿದ್ದವನಂತೆ ಕ್ಲಿಕ್ಕಿಸಿದ. ಈಗ ಆ ಮುಖ ಪ್ರತಿ ಪ್ಯಾಕೆಟ್ಟಿನ ಮೇಲೂ ಇದೆ. ಕೆನ್ನೆಯ ಮೇಲೊಂದು ಹನಿ, ಕೆಳಗೆ 'ಸಮುದ್ರಕ್ಕಾಗಿ ಮಿಡಿದ ಮನ' ಎಂಬ ಸಾಲು. ಆ ಸಾಲು ಬರೆದವನು ಬಲೆ ಮುಟ್ಟಿದವನಲ್ಲ, ಬಿಡಿ.

ಬಲೆಯಕ್ಕ ಸೂಜಿ ಬಿಸಾಡಿ ಎದ್ದಳು.

ಅಣ್ಣ ಐಸ್ ರೂಮಿನ ಮುಂದೆ ನಿಂತು ಗಾರೆಯವರ ಮೇಲೆ ಕೂಗಾಡುತ್ತಿದ್ದ. ಗೋಡೆ ಎದ್ದಿತ್ತು, ಚಾವಣಿ ಇರಲಿಲ್ಲ. ಚಾವಣಿಗೆ ಎರಡನೇ ಕಂತು ಬರಬೇಕು. ಅದಕ್ಕೆ ನಾಳೆ ದೊಡ್ಡ ಅಧಿಕಾರಿ ಬರಬೇಕು, ಅಂಗಡಿಗಳವರು ಬಂದು ಮೀನು ತಿಂದು ನೋಡಬೇಕು, ಪ್ಯಾಕೆಟ್ಟಿನ ಹೆಂಗಸು ವೇದಿಕೆ ಹತ್ತಿ ನಾಲ್ಕು ಮಾತಾಡಬೇಕು.

"ಚಿಕ್ಕಮ್ಮನ ಬಲೆ ನನ್ನ ಜಗಲಿ ಮೇಲಿದೆ" ಎಂದಳು ಅವಳು.

ಅಣ್ಣನ ಮುಖ ಹುಳ್ಳಗಾಯಿತು. ಗಾರೆಯವರನ್ನು ಟೀಗೆ ಕಳಿಸಿ ಅವಳನ್ನು ಗೋಡೆಯ ಮರೆಗೆ ಕರೆದ. "ಮೆಲ್ಲಗೆ ಮಾತಾಡು."

"ಯಾಕೆ ಮೆಲ್ಲಗೆ? ಕಡ್ಡಿ ಗೀರಿಸುವಾಗ ಮೈಕು ಕೊಟ್ಟಿದ್ಯಲ್ಲ!"

"ಕೇಳು ಇಲ್ಲಿ. ಸರ್ಕಾರ ಪೂರ್ತಿ ಕೊಡಲ್ಲ. ನಮ್ಮ ಪಾಲು ಅಂತ ಒಂದಿಷ್ಟು ಕಟ್ಟಲೇಬೇಕು. ಕಟ್ಟದಿದ್ರೆ ಹೊಸ ಬಲೆಯೂ ಇಲ್ಲ, ಐಸ್ ರೂಮೂ ಇಲ್ಲ. ಬಲೆ ಮಾರದೆ ಆ ಪಾಲು ಎಲ್ಲಿಂದ ತರ್ಲಿ ನಾನು? ಓಣಿಯವರನ್ನ ಕೇಳಿದ್ರೆ ಕೊಡ್ತಿದ್ರಾ?"

"ಕೇಳಿದ್ಯಾ?"

ಅಣ್ಣ ಗಾರೆಯವರು ಹೋದ ಕಡೆ ಇಣುಕಿ ನೋಡಿದ.

"ಆ ರಾಶಿಯಲ್ಲಿ ಏನಿತ್ತು ಹಾಗಾದ್ರೆ?"

"ಮೇಲೆ ನಾಲ್ಕು ಬಲೆ. ಕೆಳಗೆ ಹಳೇ ಹಗ್ಗ, ಗೋಣಿಚೀಲ."

ಗೋಣಿಚೀಲಕ್ಕೆ ಅತ್ತಿದ್ದಳು ಅವಳು! ಊರಿಡೀ ನೋಡುವಂತೆ, ಅಂಗಡಿ ಅಂಗಡಿಯಲ್ಲಿ ನೇತುಹಾಕುವಂತೆ ಗೋಣಿಚೀಲಕ್ಕೆ ಅತ್ತಿದ್ದಳು. ಅವಳಿಗೆ ಅಣ್ಣನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ನಾವು ಬಿಟ್ಟ ಮರಿಗಳನ್ನ ಅವರು ಹಿಡೀತಿದ್ದಾರಲ್ಲೋ. ನಮ್ಮದೇ ಬಲೆಯಲ್ಲಿ! ನನ್ನ ಗಂಡ ಅರ್ಧ ಬುಟ್ಟಿ ಮೀನು ತಂದು, ಮುಂದಿನ ವರ್ಷ ಸರಿ ಹೋಗುತ್ತೆ ಅಂತ ದಿನಾ ಹೇಳ್ತಾನೆ. ಯಾವ ಮುಂದಿನ ವರ್ಷ?"

"ಆಚೆಯವರು ಹೆಂಗಿದ್ರೂ ಹಿಡೀತಿದ್ರು. ನಿನಗೆ ಮೊದ್ಲೇ ಹೇಳೋಣ ಅಂತಿದ್ದೆ ಕಣಮ್ಮಾ. ಆದ್ರೆ ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ. ನೀನು ನಿಜವಾಗಿ ಅತ್ತಿದ್ದಕ್ಕೇ ಆ ಫೋಟೋ ಅಷ್ಟು ಚೆನ್ನಾಗಿ ಬಂತು, ಫೋಟೋ ನೋಡಿಯೇ ಜನ ಮೀನು ಕೊಳ್ತಿರೋದು. ನಾಳೆ ಒಂದು ದಿನ ಸುಮ್ನಿದ್ದುಬಿಡು. ಭಾವ ಸುಮ್ನಿಲ್ವಾ? ರಾತ್ರೋರಾತ್ರಿ ಬಲೆಗಳನ್ನ ಗಾಡಿಗೆ ಎತ್ತಿ ಹಾಕಿದ್ದು ಭಾವನೇ."

ಭಾವ ಎಂದರೆ ಅವಳ ಗಂಡ.

ಗಂಡ ದಡದಲ್ಲಿ ದೋಣಿಗೆ ಅಂಟಿದ ಚಿಪ್ಪುಗಳನ್ನು ಕೆರೆಯುತ್ತಿದ್ದ. ಅವಳು ಬರುವ ರಭಸ ನೋಡಿಯೇ ಅವನಿಗೆ ಅರ್ಥವಾಯಿತು. ತಲೆ ಎತ್ತದೆ, "ನಿನಗೆ ಹೇಳಿದ್ರೆ ನೀನು ಊಟ ಬಿಡ್ತಿದ್ದೆ" ಎಂದ.

"ಈಗೇನು ಬಡಿಸಿಕೊಂಡು ತಿಂತೀನಾ? ಒಂದು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ್ಯಲ್ಲೋ, ಒಂದು ದಿನವಾದ್ರೂ ನಾಲಿಗೆ ಹೊರಳಲಿಲ್ವಾ ನಿಂಗೆ? ಚಿಕ್ಕಮ್ಮ ನಮ್ಮನೆಗೆ ಸಾಲ ಕೇಳೋಕೆ ಬಂದಾಗ ನೀನು ಅಲ್ಲೇ ಕೂತಿದ್ದೆ!"

ಅವನು ಕೆರೆದ ಜಾಗವನ್ನೇ ಮತ್ತೆ ಕೆರೆದ. ಅವನ ಮೇಲೆ ಇನ್ನಷ್ಟು ಕೂಗಲು ಅವಳಿಗೆ ಮನಸ್ಸಾಗಲಿಲ್ಲ. ಅಣ್ಣನ ಮೋಸಕ್ಕೆ ಸಿಟ್ಟು ಬಂದಿತ್ತು, ಗಂಡನ ಮೌನಕ್ಕೆ ಸಂಕಟವಾಯಿತು. ಸಂಕಟ ಬೇಡವಾಗಿತ್ತು ಅವಳಿಗೆ, ಸಿಟ್ಟೇ ವಾಸಿ. ಮನೆಗೆ ಬಂದು ಬಲೆಯನ್ನು ಹೆಗಲಿಗೆ ಹಾಕಿಕೊಂಡು ಚಿಕ್ಕಮ್ಮನ ಮನೆಯ ಬಾಗಿಲು ತಟ್ಟಿದಳು.

ಚಿಕ್ಕಮ್ಮ ಇಟ್ಟಿಗೆ ಬಣ್ಣದ ದಾರವನ್ನು ಬೆರಳಲ್ಲಿ ಸವರಿದಳು. ನಿಧಾನಕ್ಕೆ ಬಲೆ ಬಿಡಿಸುತ್ತ ಹೋದಳು. ಒಂದು ಮೂಲೆಯಲ್ಲಿ ಅವಳ ಸತ್ತ ಗಂಡ ಕಟ್ಟಿದ್ದ ಸೀಸದ ಗುಂಡು ಹಾಗೇ ಇತ್ತು.

"ಜುಟ್ಟು ಹಿಡಿ ಚಿಕ್ಕಮ್ಮ. ಹಿಡಿದು ಕೇಳು" ಎಂದಳು ಬಲೆಯಕ್ಕ.

"ನಿನ್ನ ಜುಟ್ಟು ಹಿಡಿದು ನಾನೇನು ಮಾಡ್ಲಿ?" ಎಂದಳು ಚಿಕ್ಕಮ್ಮ. "ಹೋಗು, ಎಲ್ಲರನ್ನೂ ಕರಿ."

ಆ ಸಂಜೆ ಓಣಿಯ ಹೆಂಗಸರು ಚಿಕ್ಕಮ್ಮನ ಹಿತ್ತಿಲಲ್ಲಿ ಸೇರಿದರು. ಬಲೆಯಕ್ಕ ಯಾವುದನ್ನೂ ಮುಚ್ಚಿಡಲಿಲ್ಲ. ನಾಳೆ ಬಾಯಿ ಬಿಟ್ಟರೆ ಎರಡನೇ ಕಂತು ನಿಂತುಹೋಗಬಹುದು, ಐಸ್ ರೂಮಿಗೆ ಚಾವಣಿ ಬಾರದೇ ಇರಬಹುದು, ಮೀನನ್ನು ಮತ್ತೆ ದಲ್ಲಾಳಿ ಹೇಳಿದ ಬೆಲೆಗೇ ಸುರಿಯಬೇಕಾದೀತು. ಎಲ್ಲವನ್ನೂ ಹೇಳಿದಳು. ದಲ್ಲಾಳಿಯ ಹೆಸರು ಕೇಳಿ ಒಬ್ಬಿಬ್ಬರು ಏಳಲು ನೋಡಿದರು. ಕೊನೆಗೆ ಮೂಲೆಮನೆಯವಳು ತನ್ನ ಗಂಡನನ್ನು ಮನಸಾರೆ ಬೈದು, "ಈ ಗಂಡಸರೆಲ್ಲಾ ಸೇರಿ ನಮ್ಮನ್ನ ಕುರಿ ಮಾಡಿದ್ರಲ್ಲೇ" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಮರುದಿನ ಸಂಘದ ಹಾಲ್ ತುಂಬಿತ್ತು. ಬಿಳಿ ಬಟ್ಟೆ ಹಾಸಿದ ಉದ್ದ ಮೇಜಿನ ಮೇಲೆ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಬೇಯಿಸಿದ ಮೀನು, ಪ್ರತಿ ತಟ್ಟೆಯ ಪಕ್ಕ ಒಂದು ಪ್ಯಾಕೆಟ್, ಪ್ರತಿ ಪ್ಯಾಕೆಟ್ಟಿನ ಮೇಲೆ ಅಳುವ ಬಲೆಯಕ್ಕ. ಅಂಗಡಿಗಳವರು ಕಡ್ಡಿಯಲ್ಲಿ ಚುಚ್ಚಿ ತಿಂದು ತಲೆದೂಗುತ್ತಿದ್ದರು. ದೊಡ್ಡ ಅಧಿಕಾರಿ ಸುಸ್ಥಿರ ಮೀನುಗಾರಿಕೆಯ ಬಗ್ಗೆ ಮಾತಾಡಿದ, ಅಣ್ಣ ತ್ಯಾಗದ ಬಗ್ಗೆ. ಯಾರ ತ್ಯಾಗ ಎಂದು ಮಾತ್ರ ಹೇಳಲಿಲ್ಲ. ಆಮೇಲೆ, "ಈಗ ನನ್ನ ತಂಗಿ..." ಎಂದು ಬಾಗಿಲ ಕಡೆ ನೋಡಿ ಅರ್ಧಕ್ಕೇ ನಿಲ್ಲಿಸಿದ.

ಬಲೆಯಕ್ಕ ಬಲೆ ಹೊತ್ತು ಒಳಗೆ ಬಂದಳು, ಹಿಂದೆ ಓಣಿಯ ಹೆಂಗಸರು. ವೇದಿಕೆ ಹತ್ತಲಿಲ್ಲ ಅವಳು. ನೇರ ಮೇಜಿನ ಹತ್ತಿರ ಹೋಗಿ ಬಲೆಯನ್ನು ತಟ್ಟೆಗಳ ಮೇಲೇ ಹರಡಿದಳು. ಒಂದೆರಡು ತಟ್ಟೆ ಉರುಳಿ ಬಿದ್ದವು.

"ಹೋದ ವರ್ಷ ಇದನ್ನ ಸುಟ್ಟೆ ಅಂತ ಅತ್ತಿದ್ದೆ. ಇದು ಸುಟ್ಟಿಲ್ಲ. ನಾಲ್ಕು ಬಿಟ್ರೆ ಯಾವುದೂ ಸುಟ್ಟಿಲ್ಲ. ಆಚೆ ದಡಕ್ಕೆ ಮಾರಿದ್ದಾರೆ. ನಾವು ಬಿಟ್ಟ ಮರಿ ಈ ಬಲೆಗೇ ಬೀಳ್ತಿದೆ. ನೀವು ತಿಂತಿರೋದು ಸುಳ್ಳನ್ನ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಂಬಿದರೆ ನಂಬಿ, ಅದರ ಬೆನ್ನಿಗೇ ಇಡೀ ಹಾಲ್ ಚಪ್ಪಾಳೆ ತಟ್ಟಿತು. ಮೊದಲೇ ಕಲಿಸಿದ ನಾಟಕದ ತುಣುಕು ಎಂದುಕೊಂಡಿದ್ದರು ಪುಣ್ಯಾತ್ಮರು! ಅಣ್ಣ ಅದನ್ನೇ ಹಿಡಿದುಕೊಂಡು, "ನಮ್ಮ ತಂಗಿ ಸ್ವಲ್ಪ ಭಾವುಕಳು" ಎಂದು ಮೈಕಿನಲ್ಲಿ ನಕ್ಕ. ದೊಡ್ಡ ಅಧಿಕಾರಿ ಬಗ್ಗಿ, "ಹಳೇ ಬಲೆ ತಂದು ತೋರಿಸಿದ್ದು ಒಳ್ಳೇ ಐಡಿಯಾ ಅಮ್ಮಾ" ಎಂದ. ಇನ್ನೇನು ಹೇಳಿದರೂ ಇವರು ಚಪ್ಪಾಳೆಯನ್ನೇ ತಟ್ಟುತ್ತಾರೆ.

ಆಗ ಚಿಕ್ಕಮ್ಮ ಮುಂದೆ ಬಂದಳು. ಅವಳಿಗೆ ಮೈಕೂ ಬೇಡವಾಗಿತ್ತು, ಭಾಷಣವೂ ಬರುತ್ತಿರಲಿಲ್ಲ. ಅಧ್ಯಕ್ಷನನ್ನೇ ನೋಡುತ್ತ, "ಇದು ನನ್ನ ಬಲೆ. ಸಿಕ್ತು. ಇದನ್ನ ಕೊಂಡವನ ದುಡ್ಡು ಅವನಿಗೆ ವಾಪಸ್ ಕೊಡು" ಎಂದಳು.

"ಹಸಿರು ದಾರದ್ದು ನಮ್ಮದು. ಅದೆಲ್ಲಿ?" ಎಂದಳು ಮೂಲೆಮನೆಯವಳು.

"ನಮ್ಮದು ಕಪ್ಪು ದಾರ. ನಮ್ಮದೆಲ್ಲಿ?"

"ನಮ್ಮದು?"

ಒಬ್ಬೊಬ್ಬಳೂ ತನ್ನ ಮನೆಯ ದಾರದ ಬಣ್ಣ ಹೇಳಿ ಕೇಳಿದಳು. ಯಾರೂ ಕೂಗಲಿಲ್ಲ, ಕಾಣೆಯಾದ ಪಾತ್ರೆ ಕೇಳುವಂತೆ ಕೇಳಿದರು. ಚಪ್ಪಾಳೆ ನಿಂತಿತು. ಅಂಗಡಿಯವನೊಬ್ಬ ಬಾಯಲ್ಲಿದ್ದದ್ದನ್ನು ಮೆಲ್ಲಗೆ ಕರವಸ್ತ್ರಕ್ಕೆ ಉಗುಳಿದ. ದೊಡ್ಡ ಅಧಿಕಾರಿ ಬಲೆಯ ಕಣ್ಣಿನಲ್ಲಿ ತನ್ನ ಬೆರಳು ತೂರಿಸಲು ನೋಡಿದ, ಅದು ತೂರಲಿಲ್ಲ. ಅವನು ಅಣ್ಣನ ಕಡೆ ತಿರುಗಿ, "ಚಾವಣಿ ವಿಷಯ ಆಮೇಲೆ ನೋಡೋಣ" ಎಂದು ಎದ್ದುಬಿಟ್ಟ.

"ಸಮಾಧಾನ ಆಯ್ತಾ? ಇಡೀ ಓಣಿಯ ಅನ್ನಕ್ಕೆ ಮಣ್ಣು ಹಾಕಿದೆ ನೀನು" ಎಂದ ಅಣ್ಣ.

"ಓಣಿಯನ್ನ ಕೇಳಿಯೇ ಬಂದಿದ್ದೀನಿ. ನೀನು ಕೇಳಿರ್ಲಿಲ್ಲ, ಅಷ್ಟೇ" ಎಂದಳು ಬಲೆಯಕ್ಕ.

ಬಾಗಿಲ ಹತ್ತಿರ ಅವಳ ಗಂಡ ನಿಂತಿದ್ದ. ಅವನು ಬಂದು ಮೇಜಿನಿಂದ ಬಲೆ ಎತ್ತುತ್ತಿದ್ದ ಚಿಕ್ಕಮ್ಮನ ಕೈಯಿಂದ ಒಂದು ತುದಿ ತಗೊಂಡು ಮಡಚತೊಡಗಿದ. ಬಲೆಯಕ್ಕ ಅವನ ಮುಖ ನೋಡಲಿಲ್ಲ. ಅವನ ಲೆಕ್ಕ ಮನೆಯಲ್ಲಿ.

ಮೂಲೆಯಲ್ಲಿದ್ದ ಕ್ಯಾಮೆರಾದವನು ಹೋದ ವರ್ಷದವನೇ. ಏನು ಮಾಡಬೇಕೆಂದು ತೋಚದೆ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಬಲೆಯಕ್ಕ ಅವನ ಮುಂದೆ ಹೋಗಿ ನಿಂತಳು. ಕಣ್ಣು ಕೆಂಪಗಿತ್ತು, ಕೆನ್ನೆ ಒಣಗಿತ್ತು.

"ಈಗ ತೆಗಿ" ಎಂದಳು. "ಇದನ್ನ ಹಾಕು ಪ್ಯಾಕೆಟ್ ಮೇಲೆ."

ಅವನು ಅಣ್ಣನ ಕಡೆ ನೋಡಿದ, ಅಧಿಕಾರಿ ಎದ್ದುಹೋದ ಕುರ್ಚಿಯ ಕಡೆ ನೋಡಿದ. ಆಮೇಲೆ ಕ್ಯಾಮೆರಾಕ್ಕೆ ಮುಚ್ಚಳ ಹಾಕಿದ.