ಒಂದೇ ಲೆಕ್ಕ ಹಿಡಿಯುವ ಪಾಟಿ

ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಊರಿಗೆ ಊರೇ ಹೊಲದಲ್ಲಿತ್ತು. ಶಾಲೆಯ ಅಂಗಳದಲ್ಲೂ ಕೆಂಪು ಕಾಯಿ ಹರವಿದ್ದರು. ಮಕ್ಕಳು ಸೀನುತ್ತಲೇ ಮಗ್ಗಿ ಹೇಳುತ್ತಿದ್ದರು. ನಾನು ಎರಡನೇ ಸಲ ಹುಟ್ಟಿದ್ದು ಆಗ.

ನಾನು ಒಂದು ಕಲ್ಲಿನ ಪಾಟಿ, ಮಕ್ಕಳು ಬರೆಯುವ ಸ್ಲೇಟು. ಮೊದಲ ಹುಟ್ಟು ಕರಿಕಲ್ಲಿನ ಗಣಿಯಲ್ಲಿ. ಕಟ್ಟಿಗೆಯ ಚೌಕಟ್ಟು ತೊಟ್ಟು, ಸಂತೆಯಿಂದ ಮೂರನೇ ಇಯತ್ತೆಯ ಕಾಶವ್ವನ ಚೀಲಕ್ಕೆ ಬಂದೆ. ನನ್ನ ಮೇಲೆ ಹತ್ತು ಲೆಕ್ಕ ಬರೆದುಕೊಳ್ಳುತ್ತಿದ್ದಳು; ಒಂದೂವರೆ ಮಾಡುತ್ತಿದ್ದಳು. ಅಷ್ಟರಲ್ಲಿ ಕಿಟಕಿಯಾಚೆ ಟ್ರ್ಯಾಕ್ಟರ್ ಹೋಗುತ್ತಿತ್ತು, ಇವಳ ಕಾಲು ಕುಣಿಯುತ್ತಿತ್ತು. ಪಾಠ ಹೇಳುವ ಹೇಮಾವತಿ ಅಕ್ಕೋರು ಮೂರು ವರ್ಷದಿಂದ ಅವಳನ್ನು "ಮೈಗಳ್ಳಿ" ಎಂದೇ ಕರೆಯುತ್ತಿದ್ದರು. ಒಂದು ದಿನ ಅವಳು ನನ್ನನ್ನು ಬೆರಳ ತುದಿಯಲ್ಲಿ ಗಿರಗಿರ ತಿರುಗಿಸಿದಳು. ಬಿದ್ದು ಒಡೆದೆ. ಅಂಗೈಯಗಲದ ಚೂರೊಂದು ಉಳಿಯಿತು; ಅದೇ ಈಗಿನ ನಾನು.

ಮರುದಿನ ಅವಳ ಅವ್ವ ರತ್ನವ್ವ ಬಂದಳು. "ಇಕಿ ಹೆಸರು ತಗೀರಿ ಅಕ್ಕೋರ. ಹೊಲಕ್ಕ ಕರ್ಕೊಂಡು ಹೋಗ್ತೀನಿ."

"ಅಲ್ಲಾದ್ರೂ ಕುಂದರ್ತಾಳೇನವ್ವ?"

"ನಾ ಎಲ್ಲಿ ಕುಂದ್ರಸ್ತೀನ್ರೀ? ಪೂರಾ ಹೊಲ ತೋರಿಸಿದ್ರ ಓಡಿ ಹೋಗ್ತಾಳ. ಒಂದು ಗಿಡ ತೋರಿಸ್ತೀನಿ. ಬಿಡಿಸಿ, ಉಡಿ ಖಾಲಿ ಮಾಡಾಕ ಬದುವಿಗೆ ಓಡ್ತಾಳ. ಬಂದ್ಮ್ಯಾಲ ಮತ್ತೊಂದು ಗಿಡ. ಸಂಜೀ ಮಟ ಹಿಂಗ."

ಅಕ್ಕೋರು ಚೂರಾಗಿದ್ದ ನನ್ನನ್ನು ಎತ್ತಿಕೊಂಡರು. "ಒಂದು ತಾಸು ತಡಿ ರತ್ನವ್ವ. ಹತ್ತು ಲೆಕ್ಕ ಮಾಡಿದ್ರ ಹುಡುಗಿ ಸಾಲ್ಯಾಗ ಇರಲಿ."

"ಮಾಡಿದಂಗ ಆತು ಬಿಡ್ರಿ!"

ಅಕ್ಕೋರು ಕಿಟಕಿಯ ಬಳಿಯಿಂದ ಕಾಶವ್ವನನ್ನು ತಮ್ಮ ಮೇಜಿನ ಹತ್ತಿರಕ್ಕೆ ಕರೆದರು. ನನ್ನ ಮೇಲೆ ಹಿಡಿಯುತ್ತಿದ್ದುದೇ ಒಂದು ಲೆಕ್ಕ. ಮಾಡಿ ತೋರಿಸಿದಳು. ಅಕ್ಕೋರು ಗೋಡೆಗೆ ಒಂದು ಗೆರೆ ಎಳೆದರು. ಅವಳು ನಲ್ಲಿಯ ತನಕ ಓಡಿ ನನ್ನನ್ನು ತೊಳೆದು ತಂದಳು. ಮತ್ತೊಂದು ಲೆಕ್ಕ. ಮತ್ತೆ ಓಟ. ಏಳನೆಯದರಲ್ಲಿ ಅಂಗಳದ ಕೋಳಿ ನೋಡುತ್ತ ಮೈಮರೆತಳು. ನನ್ನ ಒದ್ದೆ ಮೈ ಒಣಗಿತು. ರತ್ನವ್ವ ಎದ್ದು ಸೆರಗು ಸಿಕ್ಕಿಸಿದಳು. ಅಕ್ಕೋರು ಬೈಯಲಿಲ್ಲ, ನನ್ನ ಮೇಲೊಂದು ಬೆರಳು ಇಟ್ಟರು, ಅಷ್ಟೆ. ಕಾಶವ್ವ ಬಳಪ ಹಿಡಿದಳು.

ಕೊನೆಗೆ, ಓದು ಬಾರದ ರತ್ನವ್ವ ಗೋಡೆಯ ಗೆರೆ ಎಣಿಸಿದಳು. ಹತ್ತು. ಇನ್ನೊಮ್ಮೆ ಎಣಿಸಿದಳು.

"ಮತ್ತ ಮೂರು ವರ್ಷ ಮೈಗಳ್ಳಿ ಅಂದ್ರಲ್ರೀ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಹೊಲಕ್ಕೆ ಒಬ್ಬಳೇ ಹೋದಳು.

ಎರಡು ವರ್ಷಕ್ಕೆ ಅಕ್ಕೋರಿಗೆ ವರ್ಗವಾಯಿತು. ನನ್ನನ್ನು ಹೊಸ ಮಾಸ್ತರರ ಕೈಗೆ ಕೊಟ್ಟು, ಕಾಶವ್ವನನ್ನು ಕರೆದರು.

"ನೋಡು ಕಾಶವ್ವ, ಆಗ ನಾನು, ಅಂದ್ರ, ನನಗೂ ತಿಳೀಲಿಲ್ಲ, ಹಂಗ ನೋಡಿದ್ರ..."

"ಲಗೂನ ಹೇಳ್ರೀ ಅಕ್ಕೋರ!" ಹುಡುಗಿ ಒಂಟಿಕಾಲಲ್ಲಿ ಕುಣಿಯುತ್ತಿದ್ದಳು.

ಅಕ್ಕೋರು ಮೊದಲಿನಿಂದ ಶುರು ಮಾಡಿದರು. ಅಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಈಗ ನಾನು ಮಾಸ್ತರರ ಕಪಾಟಿನ ಮೂಲೆಯಲ್ಲಿದ್ದೇನೆ. ಎಷ್ಟೋ ಕೈ ಸವರಿ ನನ್ನ ಅಂಚು ನುಣ್ಣಗಾಗಿದೆ. ವರ್ಷಕ್ಕೆ ಒಂದಿಬ್ಬರಾದರೂ ಕಾಶವ್ವನಂಥ ಮಕ್ಕಳು ಬರುತ್ತಾರೆ. ಆಗ ಮಾಸ್ತರರು ನನ್ನನ್ನು ಹೊರಗೆ ತೆಗೆಯುತ್ತಾರೆ. ಹತ್ತು ಲೆಕ್ಕವನ್ನು ಒಂದೊಂದಾಗಿ ಕೊಡಲು ಕಲಿತ ಅಕ್ಕೋರಿಗೆ 'ತಪ್ಪಾಯ್ತು' ಎಂಬ ಒಂದೇ ಒಂದು ಮಾತನ್ನು ಹೇಳಲು ಬರಲಿಲ್ಲ. ಅದು ಇನ್ನೂ ಬಾಕಿ ಇದೆ.