ಹುಣಸೆಮರದ ಸರಪಳಿ

"ಅಲ್ಲೇ ನಿಲ್ಲೇ ಮುಂಡೆ! ಕಂಬದ ಸರಪಳಿ ನಿಮ್ಮ ಕೇರಿಯೋರಿಗಲ್ಲ. ಆಚೆ ಹುಣಸೆಮರಕ್ಕೆ ಕಟ್ಟು ಅವನ್ನ."

ಗುಡಿಯ ಮೆಟ್ಟಿಲ ಮೇಲಿಂದ ಪೂಜಾರಿ ಕೂಗಿದ. ಮುನಿಶಾಮಮ್ಮ ಗಂಡನ ಕೈ ಹಿಡಿದು ಹಿಂದೆ ಸರಿದಳು. ಬಂಗಾರಪೇಟೆ ಆಚೆಯ ಆ ಊರಲ್ಲಿ ಕುಡುಕರನ್ನು ಒಂದು ಮಂಡಲ ಗುಡಿಯ ಕಂಬಕ್ಕೆ ಕಟ್ಟಿ ಕುಡಿತ ಬಿಡಿಸುತ್ತಿದ್ದರು. ಕುಡುಕರಲ್ಲೂ ಮೇಲು ಕೀಳು ಉಂಟೆಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಕೋರಮಂಡಲ್ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದು ಜೊತೆಗಾರ ಸತ್ತ ಮೇಲೆ ಅವಳ ಗಂಡ ಕದಿರಪ್ಪ ಕುಡಿಯದೆ ಒಂದು ದಿನವೂ ಕೆಳಗಿಳಿದವನಲ್ಲ. ಈಗ ರಕ್ತ ಕಾರುತ್ತಿದ್ದ. ಹೀಗೇ ಕುಡಿದರೆ ಉಳಿಯಲ್ಲ, ಬೆಂಗಳೂರಿನ ಹುಚ್ಚಾಸ್ಪತ್ರೆಗೆ ಸೇರಿಸು, ಅಲ್ಲೇ ಇಟ್ಟುಕೊಂಡು ಬಿಡಿಸುತ್ತಾರೆ ಅಂತ ಗಣಿಯ ಡಾಕ್ಟರು ಅಂದಿದ್ದರು.

"ನಂಗೇನು ಉಚ್ಚು ಇಡಿದದಾ? ಕೇರಿನೋರೆಲ್ಲ ನಗಾಡ್ತಾರೆ ಕಣೇ," ಎಂದು ಕದಿರಪ್ಪ ಮಗುವಿನ ಹಾಗೆ ಅತ್ತಿದ್ದ. ಆ ನಗುವಿಗೆ ಅವಳಿಗೂ ಅಂಜಿಕೆ. ಡಾಕ್ಟರನ್ನು ಬಿಟ್ಟು ದೇವರನ್ನು ಹಿಡಿದಳು.

ಮುಂದಿನ ಭಾನುವಾರ ಮುದ್ದೆ ಕಟ್ಟಿಕೊಂಡು ಬಂದರೆ ಮರದಡಿ ಗಂಡನಿಲ್ಲ. ಪೂಜಾರಿಯ ತೋಟದ ಕಡೆಯಿಂದ ಸುತ್ತಿಗೆ ಸದ್ದು ಕೇಳಿಸಿತು. ಹೊಸ ಬಾವಿಯಲ್ಲಿ ಬಂಡೆ ಸಿಕ್ಕಿತ್ತು. ಒಡೆಯಲು ಗಣಿಯವನು ಬಿಟ್ಟಿ ಸಿಕ್ಕಿದ್ದ. ಬಾವಿಯ ಕಟ್ಟೆಯ ಮೇಲೆ ಆಳು ಚಿಕ್ಕವೆಂಕಟಪ್ಪ ಸಾರಾಯಿ ಗಡಿಗೆ ಇಟ್ಟುಕೊಂಡು ಕೂತಿದ್ದ.

"ಏನಣ್ಣ ಇದು?"

"ನಿನ್ ಗಂಡ ಕುಡೀದೆ ಕೆಳಕ್ಕಿಳಿಯಾಕಿಲ್ಲ ಅಂತಾನೆ ಕಣಮ್ಮಿ. ಕೊಟ್ಟು ಇಳ್ಸು ಅಂದವ್ರೆ ಸಾಮೇರು. ನಾನೇನ್ ಮಾಡ್ಲಿ?"

ಅವಳು ಹಗ್ಗ ಇಳಿಸಿ ಗಂಡನನ್ನು ಮೇಲಕ್ಕೆ ಎಳೆದಳು. ಕಾಲಲ್ಲಿ ಸರಪಳಿ ಹಾಗೇ ಇತ್ತು. ಒಂದು ಕೈಯಲ್ಲಿ ಗಡಿಗೆ, ಇನ್ನೊಂದರಲ್ಲಿ ಅವನ ರಟ್ಟೆ ಹಿಡಿದು ನೇರ ಗುಡಿಗೆ ಬಂದಳು. ಮೆಟ್ಟಿಲು ಹತ್ತಿದಳು.

"ಇಳಿಯೇ ಕೆಳಗೆ! ಮೈಲಿಗೆ, ಮೈಲಿಗೆ!"

"ನೀನ್ ಕೊಟ್ಟಿದ್ದ ತೀರ್ತನೇ ಕಣೋ, ಬೋಳಿಮಗ್ನೇ. ನಿನ್ ದ್ಯಾವ್ರೂ ಕುಡೀಲಿ!"

ಗಡಿಗೆಯನ್ನು ಹೊಸ್ತಿಲ ಮೇಲೆ ಕುಕ್ಕಿದಳು. ಸಾರಾಯಿ ಮೆಟ್ಟಿಲಿಂದ ಮೆಟ್ಟಿಲಿಗೆ ಹರಿಯಿತು. ಹಿಂದೆ ಸರಪಳಿ ಸದ್ದಾಯಿತು. ಯಾವತ್ತೂ ಆ ಮೆಟ್ಟಿಲು ಮುಟ್ಟದ ಕದಿರಪ್ಪ ಅಂಬೆಗಾಲಲ್ಲಿ ಹತ್ತಿ ಬಂದು, ಕಲ್ಲಿಗೆ ಬಾಯಿಟ್ಟು ನೆಕ್ಕುತ್ತಿದ್ದ.

ಮುನಿಶಾಮಮ್ಮನ ಕಣ್ಣು ತುಂಬಿತು. ಬಗ್ಗಿ ಗಂಡನ ಬಾಯಿಯನ್ನು ಸೆರಗಿನಿಂದ ಒರೆಸಿದಳು.

"ಏಳಯ್ಯ. ಬೆಂಗ್ಳೂರು ರೈಲು ಬತ್ತದೆ. ಉಚ್ಚ ಅಂತಾರಾ, ಅನ್ಲಿ. ನಗ್ತಾರಾ, ನಗ್ಲಿ."

ಅವನು ತಲೆಯಾಡಿಸಿದನೋ, ನಡುಗಿದನೋ, ತಿಳಿಯಲಿಲ್ಲ. ಎದ್ದು ಅವಳ ಹೆಗಲು ಹಿಡಿದ.

"ಸರಪಳಿ ಗುಡೀದು! ಬಿಚ್ಚಿಟ್ಟು ಹೋಗೇ!" ಪೂಜಾರಿ ಮತ್ತೆ ಅರಚಿದ.

"ಇದುವರ್ಗೂ ಏನ್ ಔಸ್ತಿ ಕೊಟ್ರು ಅಂತ ಆಸ್ಪತ್ರೇಲಿ ಕೇಳ್ತಾರೆ, ಸಾಮಿ. ತೋರುಸ್ಬೇಕು."

ಸರಪಳಿಯ ತುದಿಯನ್ನು ಕೈಗೆ ಸುತ್ತಿಕೊಂಡು ಅವಳು ಸ್ಟೇಷನ್ ದಾರಿ ಹಿಡಿದಳು.