ದೊರ್ರಾಳ ಮದುವೆ

ಬೆಳಗಿನ ತಿಂಡಿಯ ಹೊತ್ತಿನಲ್ಲಿ ಮಬ್ರೂಕಾಳ ಕಾವಲಿಯ ಮುಂದೆ ಇರುತ್ತಿದ್ದಷ್ಟು ಉದ್ದದ ಸಾಲು ಆ ಹೋಟೆಲಿನ ಬೇರೆ ಯಾವ ಮೇಜಿನ ಮುಂದೆಯೂ ಇರುತ್ತಿರಲಿಲ್ಲ. ರವೆಹಿಟ್ಟನ್ನು ಎಣ್ಣೆಗೈಯಲ್ಲಿ ತಟ್ಟಿ, ಮಡಚಿ, ಮತ್ತೆ ತಟ್ಟಿ ಅವಳು ಸುಡುತ್ತಿದ್ದ ಮ್ಲಾವಿ ರೊಟ್ಟಿಗಾಗಿ ಜರ್ಮನಿಯವರು, ಪೋಲೆಂಡಿನವರು, ಎಲ್ಲೆಲ್ಲಿಯವರೋ ತಟ್ಟೆ ಹಿಡಿದು ಶಾಲೆಮಕ್ಕಳ ಹಾಗೆ ಕಾಯುತ್ತಿದ್ದರು. ರೊಟ್ಟಿ ಮಗುಚುವಷ್ಟರಲ್ಲಿ ಅವಳದೊಂದು ಉಪದೇಶವೂ ಮುಗಿದಿರುತ್ತಿತ್ತು.

"ಹಳೇಪೇಟೆಗೆ ಹೊರಟ್ರಾ? ಹೋಗಿ, ಆದ್ರೆ ಕಿವಿಗೆ ಮಲ್ಲಿಗೆ ಸಿಕ್ಕಿಸೋಕೆ ಬಂದ್ರೆ ಬೇಡ ಅನ್ನಿ, ಆಮೇಲೆ ದುಡ್ಡು ಕೇಳ್ತಾರೆ. ಒಂಟೆ ಹತ್ತೋದು ಪುಕ್ಕಟೆ, ಇಳಿಸೋಕೆ ದುಡ್ಡು. ರತ್ನಗಂಬಳಿ ಹಬ್ಬ, ಇವತ್ತೇ ಕೊನೇ ದಿನ ಅಂತ ಅಂಗಡಿಗೆ ಎಳೀತಾರೆ. ಆ ಹಬ್ಬ ಇಲ್ಲಿ ವರ್ಷವಿಡೀ ಇರತ್ತೆ!"

ಪಕ್ಕದ ಒಲೆಯಲ್ಲಿ ಮೊಟ್ಟೆ ಹುಯ್ಯುತ್ತಿದ್ದ ಬೆಶೀರ್ ರೇಗಿಸುತ್ತಿದ್ದ. "ಅಕ್ಕ, ನಿನ್ನಿಂದ ಅರ್ಧ ಊರು ಉಪವಾಸ ಬೀಳತ್ತೆ ನೋಡು."

"ಬೀಳ್ಲಿ ಬಿಡು. ಬೆವರು ಸುರಿಸಿ ತಿನ್ಲಿ," ಎನ್ನುತ್ತಿದ್ದಳು ಮಬ್ರೂಕಾ.

ಪ್ರವಾಸಿಗರಿಂದಲೇ ಬದುಕುವ ಆ ರಾಸ್ ಮರ್ಜಾನ್ ಊರಿನಲ್ಲಿ ಇವೆಲ್ಲಕ್ಕಿಂತ ದೊಡ್ಡ ಮೋಸ ಇನ್ನೊಂದಿತ್ತು. ಹೋಟೆಲಿನವರು ಪ್ರವಾಸಿಗಳ ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ಬಣ್ಣ ನೋಡಿದರೆ ಅವರು ಯಾವ ಹೋಟೆಲಿನವರೆಂದು ಊರಿಗೆಲ್ಲ ಗೊತ್ತು. ಒಬ್ಬ ಎದುರಿಗೆ ಬಂದು, "ನನ್ನ ಗುರುತು ಸಿಗಲಿಲ್ವಾ? ನಿಮ್ಮ ಹೋಟೆಲ್ ಅಡುಗೆಮನೆಯವನು ನಾನು!" ಅನ್ನುತ್ತಾನೆ. ದಿನಾ ಊಟ ಬಡಿಸಿದವನನ್ನೇ ಮರೆತೆವಲ್ಲ ಎಂದು ಪಾಪದ ಜನಕ್ಕೆ ನಾಚಿಕೆಯಾಗುತ್ತದೆ. ಆ ನಾಚಿಕೆಯಲ್ಲೇ ಅವನ ಹಿಂದೆ ಹೋಗಿ, ಬೇಡದ್ದನ್ನೆಲ್ಲ ಕೊಂಡು ಬರುತ್ತಾರೆ. ಇದಕ್ಕೆ ಮದ್ದು ಹುಡುಕಿದವಳೂ ಮಬ್ರೂಕಾಳೇ. "ಬೆಳಿಗ್ಗೆ ರೊಟ್ಟಿ ಸುಡೋಳ ಹೆಸರೇನು ಅಂತ ಕೇಳಿ. ಹೇಳಲಿಲ್ಲ ಅಂದ್ರೆ ಕಳ್ಳ," ಎಂದು ಪ್ರತಿಯೊಬ್ಬರ ಬಾಯಲ್ಲೂ ತನ್ನ ಹೆಸರನ್ನು ಹೇಳಿಸಿ ಕಳಿಸುತ್ತಿದ್ದಳು. ಮ್ಯಾನೇಜರನು ಅವಳನ್ನು ಎಲ್ಲರ ಮುಂದೆ ಹೊಗಳಿದ್ದ. ಅಂದು ಅವಳು ಮನೆಗೆ ಹೋದದ್ದು ನಡೆದುಕೊಂಡೋ ತೇಲಿಕೊಂಡೋ ಅವಳಿಗೇ ಗೊತ್ತಿಲ್ಲ.

ಮನೆಯಲ್ಲಿ ಅದನ್ನು ಕೇಳಲು ತಿಜಾನಿ ಇದ್ದ. ಅವಳ ಗಂಡ ತಿಜಾನಿ ಮೊದಲು ಇನ್ನೊಂದು ಹೋಟೆಲಿನಲ್ಲಿ ಮಾಣಿಯಾಗಿದ್ದವನು. ಅದು ಬಾಗಿಲು ಹಾಕಿದ ಮೇಲೆ ಬಹಳ ಕಾಲ ಕಾಫಿ ಅಂಗಡಿಯ ಕುರ್ಚಿ ಸವೆಸಿದ. ಮನೆಗೆ ಬಂದರೆ ಮಾತಿಲ್ಲ, ಕತೆಯಿಲ್ಲ. ಈ ವರ್ಷ ಹಳೇಪೇಟೆಯ ಒಂದು ಬೆಳ್ಳಿ ಅಂಗಡಿಯಲ್ಲಿ ಸಹಾಯಕನಾಗಿ ಸೇರಿದ್ದೇ ತಡ, ಮನುಷ್ಯನೇ ಬದಲಾಗಿಬಿಟ್ಟ. ಸಂಜೆ ಅಂಗಳದಲ್ಲಿ ಚಾಪೆ ಹಾಸಿ, ತಾನೇ ಪುದೀನಾ ಚಹಾ ಕುದಿಸಿ, ಬಾದಾಮಿ ತೇಲಿಸಿ ಅವಳ ಕೈಗಿಡುತ್ತಿದ್ದ. "ಹೇಳು ಮಾರಾಯ್ತಿ, ಇವತ್ತು ಯಾರ್ಯಾರು ಬಂದ್ರು?" ಎಂದು ಕೂರುತ್ತಿದ್ದ. ಅವಳು ಹೇಳಿದ್ದೇ ಹೇಳಿದ್ದು. ಯಾರ ಮೊಣಕಾಲು ನೋವು, ಯಾರು ಮೊಮ್ಮಗನ ಮೇಲೆ ಪ್ರಾಣ ಇಟ್ಟಿದ್ದಾರೆ, ಯಾರು ಗಂಡನ ಹತ್ತಿರ ಮಾತು ಬಿಟ್ಟಿದ್ದಾರೆ, ಎಲ್ಲವನ್ನೂ ಅವನು ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ. ನೆರೆಮನೆಯ ಹೆಂಗಸರಿಗೆ ಹೊಟ್ಟೆಕಿಚ್ಚು. "ನಮ್ಮನೇವು ನಾವು ಸತ್ರೂ ತಲೆ ಎತ್ತಿ ನೋಡಲ್ಲ, ನಿಂಗೆ ಮಾತ್ರ ಎಂಥಾ ಗಂಡ ಸಿಕ್ಕಿದಾನೆ ನೋಡು!" ಎನ್ನುತ್ತಿದ್ದರು. ಈ ವಯಸ್ಸಿನಲ್ಲಿ ಗಂಡ ಮತ್ತೆ ಸಿಕ್ಕನಲ್ಲ ಎಂದು ಮಬ್ರೂಕಾ ಒಳಗೊಳಗೇ ಹಿಗ್ಗುತ್ತಿದ್ದಳು. ಅವಳಿಗೆ ಬೇರೆ ಏನೂ ಬೇಕಿರಲಿಲ್ಲ.

ಆ ವಾರ ಹಾಲಿನಾ ಬಂದಿದ್ದಳು. ಪೋಲೆಂಡಿನ ಈ ಮುದುಕಿ ವರ್ಷವೂ ಬರುತ್ತಿದ್ದವಳು. ಗಂಡ ತೀರಿಕೊಂಡ ಮೇಲೂ ಬರುವುದನ್ನು ಬಿಟ್ಟಿರಲಿಲ್ಲ. ಇಬ್ಬರಿಗೂ ಬರುವ ಹರಕುಮುರುಕು ಫ್ರೆಂಚಿನಲ್ಲಿ ಅವರು ಕಾವಲಿಯ ಆಚೆ ಈಚೆ ನಿಂತು ಎಷ್ಟೋ ಕಷ್ಟಸುಖ ಮಾತಾಡಿಕೊಂಡಿದ್ದರು. ಒಂದು ಬೆಳಿಗ್ಗೆ ಹಾಲಿನಾ ಸಾಲು ತಪ್ಪಿಸಿ ಮುಂದೆ ಬಂದು, ತಟ್ಟೆಯನ್ನು ಪಕ್ಕಕ್ಕಿಟ್ಟು, ಮಬ್ರೂಕಾಳ ಹಿಟ್ಟಿನ ಕೈಗಳನ್ನೇ ಹಿಡಿದುಕೊಂಡಳು.

"ಕಳ್ಳಿ! ನಂಗೆ ಒಂದು ಮಾತೂ ಹೇಳಲಿಲ್ಲವಲ್ಲ! ಮಗಳ ಮದುವೆ ಇಟ್ಕೊಂಡು ಇಲ್ಲಿ ರೊಟ್ಟಿ ಸುಡ್ತಾ ನಿಂತಿದೀಯಾ?"

ತನ್ನನ್ನು ಬೇರೆ ಯಾರೋ ಅಂದುಕೊಂಡು ಮಾತಾಡುತ್ತಿದ್ದಾಳೆ ಎಂದು ಮಬ್ರೂಕಾ ನಕ್ಕಳು. "ಯಾರ ಮದುವೆ, ಹಾಲಿನಾ?"

"ನಿನ್ನೆ ಪೇಟೆಯಲ್ಲಿ ನಿಮ್ಮ ಅಡುಗೆಮನೆಯವರು ಒಬ್ಬರು ಸಿಕ್ಕಿದ್ರು. ನಾನೇನು ಸುಮ್ನೆ ನಂಬಲಿಲ್ಲ ಕಣೇ, ನೀನು ಹೇಳ್ಕೊಟ್ಟ ಹಾಗೇ ಕೇಳಿದೆ. ತಕ್ಷಣ ಮಬ್ರೂಕಾ ಅಂದ್ರು. ನನ್ನ ಯಜಮಾನರು ನಿನ್ನ ರೊಟ್ಟಿಗೆ ಅಂಜೂರದ ಪಾಕ ಹಾಕ್ಕೊಂಡು ತಿಂತಿದ್ದಿದ್ದೂ ಅವರಿಗೆ ಗೊತ್ತಿತ್ತು. ನೀನು ಸಂಕೋಚದೋಳು, ಉಡುಗೊರೆ ತರ್ತಾರೆ ಅಂತ ಯಾರಿಗೂ ಹೇಳಲ್ಲ ಅಂದ್ರು. ಬೆಳ್ಳಿ ಬಳೆ ಕೊಂಡು ಅವರ ಕೈಲೇ ಕಳಿಸ್ದೆ. ಮುಟ್ಟಿತು ತಾನೆ? ದೊರ್ರಾಗೆ ಸರಿಹೋಯ್ತಾ?"

ದೊರ್ರಾ. ಕಾವಲಿಯ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ಮಬ್ರೂಕಾಳಿಗೆ ವಾಸನೆ ತಿಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ಬಸಿರಾಗಿದ್ದಾಗ, ಹೆಣ್ಣಾದರೆ ದೊರ್ರಾ ಎಂದು ಅವಳೂ ತಿಜಾನಿಯೂ ಹೆಸರು ಆರಿಸಿದ್ದರು. ಹುಟ್ಟುವ ಮೊದಲೇ ಕೂಸಿನ ಹೆಸರು ಹೊರಗೆ ಬಿದ್ದರೆ ಕಣ್ಣು ತಾಗುತ್ತದೆಂದು ಅವರ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಏಳನೆಯ ದಿನ ಕುರಿ ಕಡಿದು, ನೆಂಟರನ್ನು ಕರೆದು, ಆಮೇಲೇ ಹೆಸರು ಹೇಳುವುದು. ಆ ಏಳನೆಯ ದಿನ ಬರಲೇ ಇಲ್ಲ. ಕೂಸು ಉಸಿರಿಲ್ಲದೆ ಹೊರಗೆ ಬಂತು, ಆಮೇಲೆ ಮತ್ತೊಂದು ಆಗಲಿಲ್ಲ. ಹೆಸರು ಗಂಡಹೆಂಡಿರಿಬ್ಬರ ಎದೆಯಲ್ಲೇ ಉಳಿಯಿತು. ಅವಳ ತಾಯಿಗೂ ಅದು ಗೊತ್ತಿರಲಿಲ್ಲ. ಈ ಭೂಮಿಯ ಮೇಲೆ ಆ ಹೆಸರನ್ನು ಬಲ್ಲ ಇನ್ನೊಂದು ಜೀವವೆಂದರೆ ತಿಜಾನಿ ಒಬ್ಬನೇ.

ಪಕ್ಕದಲ್ಲಿ ಬೆಶೀರ್ ಕೈಯಲ್ಲಿ ಮೊಟ್ಟೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದ. ಮಬ್ರೂಕಾಳಿಗೆ ಮಕ್ಕಳಿಲ್ಲವೆಂದು ಅವನಿಗೆ ಗೊತ್ತು. ಹಾಲಿನಾ ಮುಖ ಅರಳಿಸಿಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.

"ಮುಟ್ಟಿತು," ಎಂದಳು ಮಬ್ರೂಕಾ. "ಸರಿಹೋಯ್ತು. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಸುಳ್ಳು ಹೇಳಿದ್ದು ಅವಳು. ದಿನಾ ಬೆಳಿಗ್ಗೆ ಊರ ಕಳ್ಳರ ಮೇಲೆಲ್ಲ ಕಿಡಿ ಕಾರುವವಳು, ತನ್ನ ಮನೆಯ ಕಳ್ಳನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಉಳಿದ ಹೊತ್ತೆಲ್ಲ ಅವಳು ತಟ್ಟಿದ ರೊಟ್ಟಿಗಳು ಸೊಟ್ಟಗಾದವು.

ಸಂಜೆ ಚಾಪೆ ಹಾಸಿತ್ತು. ತಿಜಾನಿ ಲೋಟಕ್ಕೆ ಎತ್ತರದಿಂದ ನೊರೆ ಬರುವಂತೆ ಚಹಾ ಹುಯ್ಯುತ್ತ ಕೇಳಿದ. "ಬಾ, ಕೂತ್ಕೋ. ಇವತ್ತು ಏನು ಸಮಾಚಾರ?"

"ದೊರ್ರಾ ಮದುವೆ ಆಯ್ತಂತೆ," ಎಂದಳು ನಿಂತೇ.

ಚಹಾ ಲೋಟದ ಹೊರಗೆ ಚೆಲ್ಲಿತು. ಏನು, ಯಾರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳು ಇನ್ನೂ ಒಂದು ಗಳಿಗೆ ಆಸೆ ಇಟ್ಟುಕೊಳ್ಳುತ್ತಿದ್ದಳೇನೋ.

"ನೋಡು, ಸುಮ್ನೆ ಕೂಗಾಡ್ಬೇಡ," ಎಂದ. "ಆ ಮುದುಕಿಗೆ ನಷ್ಟ ಏನಾಯ್ತು? ಖುಷಿಪಟ್ಲು. ನನ್ನ ತಬ್ಕೊಂಡು ಅತ್ಲು. ದುಡ್ಡು ಕೊಟ್ರೂ ಅಷ್ಟು ಸಂತೋಷ ಸಿಗಲ್ಲ ಅವಳಿಗೆ."

"ಊರಲ್ಲಿ ಬೇರೆ ಹೆಸರೇ ಇರ್ಲಿಲ್ವಾ ನಿಂಗೆ?"

ತಿಜಾನಿ ಬಗ್ಗಿ ಚಾಪೆ ಒರೆಸತೊಡಗಿದ. "ಮೊದ್ಲು ಬೇರೆ ಹೆಸರೇ ಹೇಳ್ತಿದ್ದೆ. ಯಾರೂ ನಂಬ್ತಿರ್ಲಿಲ್ಲ. ಈ ಹೆಸರು ಹೇಳಿದ್ರೆ ನಂಗೆ ನಿಜವಾಗ್ಲೂ ಕಣ್ಣಲ್ಲಿ ನೀರು ಬರತ್ತೆ. ಅದನ್ನ ನೋಡಿ ನಂಬ್ತಾರೆ."

ಇದನ್ನು ಅವನು ಸಮಾಧಾನಕ್ಕೆಂದು ಹೇಳಿದ್ದ. ತನಗೂ ಆ ಕೂಸಿನ ಮೇಲೆ ಪ್ರೀತಿಯಿದೆ ಎಂದು ತೋರಿಸಲು ಹೇಳಿದ್ದ. ಮಬ್ರೂಕಾಳ ಮೈಯೆಲ್ಲ ಉರಿದುಹೋಯಿತು.

"ಎಷ್ಟು ಸಲ ಮದುವೆ ಮಾಡ್ದೆ ಅವಳಿಗೆ?"

ಅವನು ಚಾಪೆ ಒರೆಸುತ್ತಲೇ ಇದ್ದ.

"ಬಾಯಿ ಬಿಡೋ! ಈ ಬೇಸಿಗೇಲಿ ನನ್ನ ಮಗಳಿಗೆ ಎಷ್ಟು ಸಲ ಮದುವೆ ಮಾಡ್ದೆ?"

"ಲೆಕ್ಕ ಯಾರಿಟ್ಟಿದಾರೆ," ಎಂದ ತಿಜಾನಿ ಮೆಲ್ಲಗೆ. "ಎಲ್ಲರಿಗೂ ಮಾರೋ ಬಳೆ ಒಂದೇ. ಸಂಜೆ ಅಂಗಡಿಗೆ ವಾಪಸ್ ಇಡ್ತೀನಿ."

ಅವಳು ಗೋಡೆಗೊರಗಿ ಕೂತಳು. ಇಷ್ಟು ಸಂಜೆಗಳು, ಇಷ್ಟು ಚಹಾ, ಗಲ್ಲಕ್ಕೆ ಕೊಟ್ಟ ಆ ಕೈ! "ನೀನು ನನ್ನ ಮಾತು ಕೇಳ್ತಿದೀಯ ಅಂದ್ಕೊಂಡಿದ್ದೆ."

"ಕೇಳ್ತಾನೇ ಇದ್ದೆನಲ್ಲ."

"ಹೌದು. ಕಟುಕ ಕುರಿ ತೂಕ ಕೇಳೋ ಹಾಗೆ ಕೇಳಿದೆ."

ಅವನಿಗೂ ಸಿಟ್ಟು ಬಂತು. "ಹೋಟ್ಲಲ್ಲಿ ಹೇಳ್ತೀಯಾ? ಹೇಳು ನೋಡೋಣ. ಹೆಸರು ಕೇಳಿ ಅಂತ ಹೇಳ್ಕೊಟ್ಟೋಳು ನೀನು, ನಾನು ನಿನ್ನ ಗಂಡ. ಮೊದ್ಲು ನಿನ್ನನ್ನೇ ಮನೆಗೆ ಕಳಿಸ್ತಾರೆ. ಅದೂ ಹೋಗ್ಲಿ, ಏನಂತ ಹೇಳ್ತೀಯಾ? ಮಕ್ಕಳೆಷ್ಟು ಅಂತ ಯಾರಾದ್ರೂ ಕೇಳಿದ್ರೆ ನಕ್ಕು ಮಾತು ತೇಲಿಸೋಳು ನೀನು. ಮಗಳಿಲ್ಲ ಅನ್ನೋ ಮಾತು ನಿನ್ನ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ. ಬರೋದೂ ಇಲ್ಲ, ನಂಗೊತ್ತು."

ಅವನಿಗೆ ಗೊತ್ತಿದ್ದದ್ದು ನಿಜ. ತನ್ನ ಹೆಂಡತಿಯ ನೋವು ಎಷ್ಟು ಆಳದಲ್ಲಿದೆ ಎಂದು ಅಳತೆ ನೋಡಿಯೇ ಅವನು ಅದರ ಮೇಲೆ ಅಂಗಡಿ ಹಾಕಿದ್ದ. ಬೇರೆಯವರು ಟೋಪಿ ಹಾಕಿದ್ದರೆ ಅವಳು ಬೀದಿಯಲ್ಲಿ ನಿಂತು ಮಾನ ಕಳೆಯುತ್ತಿದ್ದಳು. ಇವನು ಗಂಡನಾದ್ದರಿಂದ ಎದ್ದು ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಹಾಲಿನಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಮಬ್ರೂಕಾ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿ, ಅಂಜೂರದ ಪಾಕ ಸುರಿದು, ಸೌಟನ್ನು ಕೆಳಗಿಟ್ಟಳು.

"ಹಾಲಿನಾ, ನಿನ್ನೆ ನಾನು ಸುಳ್ಳು ಹೇಳ್ದೆ. ನಿಮ್ಮನ್ನ ಅಂಗಡಿಗೆ ಕರ್ಕೊಂಡು ಹೋದವನು ನನ್ನ ಗಂಡ. ನಂಗೆ ಮಗಳಿಲ್ಲ."

ಮುದುಕಿ ಕಣ್ಣು ಮಿಟುಕಿಸಿದಳು. "ಮತ್ತೆ ದೊರ್ರಾ?"

"ಹೊಟ್ಟೆಯಲ್ಲೇ ಹೋದ್ಲು," ಎಂದಳು ಮಬ್ರೂಕಾ. ಹಾಲಿನಾಳ ತಟ್ಟೆ ಓರೆಯಾಗಿ ಪಾಕ ನೆಲಕ್ಕೆ ಹರಿಯಿತು, ಇಬ್ಬರೂ ಒರೆಸಲಿಲ್ಲ.

"ಅಕ್ಕ, ಸಾಕು," ಎಂದ ಬೆಶೀರ್ ಹತ್ತಿರ ಸರಿದು. "ಮ್ಯಾನೇಜರ್ ಅಲ್ಲೇ ಕಂಬದ ಹತ್ತಿರ ನಿಂತಿದಾನೆ. ಕೇಳಿಸ್ಕೊಳ್ತಾನೆ."

"ಕೇಳಿಸ್ಕೊಳ್ಲಿ," ಎಂದಳು. ಮ್ಯಾನೇಜರನು ಆಗಲೇ ಇತ್ತ ತಿರುಗಿದ್ದ. ಸಾಲಿನಲ್ಲಿ ಹಿಂದೆ ನಿಂತಿದ್ದ ಜರ್ಮನ್ ದಂಪತಿ ಟೋಪಿ, ಚೀಲ ಎಲ್ಲ ಹಾಕಿಕೊಂಡು ಊರು ಸುತ್ತಲು ತಯಾರಾಗಿದ್ದರು. ಮಬ್ರೂಕಾ ಹಿಟ್ಟಿನ ಉಂಡೆ ತೆಗೆದು ಕಾವಲಿಯ ಮೇಲೆ ತಟ್ಟಿ, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಹಳೇಪೇಟೆಗೆ ಹೊರಟ್ರಾ? ಒಂದು ಮಾತು ನೆನಪಿಟ್ಕೊಳಿ. ನನ್ನ ಹೆಸರು ಮಬ್ರೂಕಾ. ನಂಗೆ ಮಗಳಿಲ್ಲ. ಇದಾಳೆ ಅಂತ ಯಾರಾದ್ರೂ ಹೇಳಿದ್ರೆ, ಅವನು ಅಳ್ತಾ ಇದ್ರೂ ನಂಬಬೇಡಿ."